2029ರ ಏಪ್ರಿಲ್‌ನಲ್ಲಿ ಭೂಮಿಯ ಹತ್ತಿರ ಬರಲಿರುವ 'ಅಪೋಫಿಸ್': ಭಯಪಡಬೇಕಾ?

'2029ರ ಏಪ್ರಿಲ್ 13ಕ್ಕೆ ಭೂಮಿಗೆ ದೊಡ್ಡ ಬಂಡೆ ಬಡಿಯುತ್ತದೆ' ಎಂಬ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ದಿನಾಂಕ ಸರಿ, ಬಂಡೆ ಬರುವುದೂ ನಿಜ. ಬಡಿಯುವುದು ಮಾತ್ರ ಸುಳ್ಳು.

ಇದರ ಹೆಸರು ಅಪೋಫಿಸ್. 2004ರ ಜೂನ್‌ನಲ್ಲಿ ಅಮೆರಿಕದ ಕಿಟ್ ಪೀಕ್ ವೀಕ್ಷಣಾಲಯದಲ್ಲಿ ಪತ್ತೆಯಾದ ಕ್ಷುದ್ರಗ್ರಹ. ಅಗಲ ಸುಮಾರು 340 ಮೀಟರ್. ಸಿಲಿಕೇಟ್ ಕಲ್ಲು, ಜೊತೆಗೆ ಸ್ವಲ್ಪ ಕಬ್ಬಿಣ ಮತ್ತು ನಿಕ್ಕಲ್ ಸೇರಿ ಆದದ್ದು. ರೇಡಾರ್ ಚಿತ್ರಗಳ ಪ್ರಕಾರ ಆಕಾರ ಉದ್ದುದ್ದ, ನೆಲಗಡಲೆಯ ಹಾಗೆ ಇರಬಹುದು.

ದಾರಿ ಹೇಗಿದೆ?

ಅಪೋಫಿಸ್ ಸೂರ್ಯನಿಗೆ ಒಂದು ಸುತ್ತು ಬರಲು ಸುಮಾರು 324 ದಿನ ಬೇಕು. ಇದರ ದಾರಿ ಭೂಮಿಯ ದಾರಿಯನ್ನು ಹಾದು ಹೋಗುತ್ತದೆ. 2029ರಲ್ಲಿ ಅದು ನೆಲದಿಂದ ಸುಮಾರು 32,000 ಕಿ.ಮೀ. ದೂರದಲ್ಲಿ ಸಾಗಲಿದೆ. ನಮ್ಮ ಮನೆಯ ಟಿವಿ ಡಿಶ್‌ಗೆ ಸಿಗ್ನಲ್ ಕಳಿಸುವ ಉಪಗ್ರಹಗಳೇ ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ! ಅತಿ ಹತ್ತಿರ ಬರುವಾಗ ಭಾರತದಲ್ಲಿ 14ರ ನಸುಕಿನ 3 ಗಂಟೆ ದಾಟಿರುತ್ತದೆ. ಭೂಮಿಯ ಸೆಳೆತದಿಂದ ಅದರ ದಾರಿಯೇ ಬದಲಾಗಿ, ಆಮೇಲೆ ಒಂದು ಸುತ್ತಿಗೆ ಸುಮಾರು 14 ತಿಂಗಳು ಹಿಡಿಯಲಿದೆ.

ಹಾಗಾದರೆ ಭಯ ಹುಟ್ಟಿದ್ದು ಎಲ್ಲಿಂದ?

2004ರ ಡಿಸೆಂಬರ್‌ನಲ್ಲಿ ಡಿಕ್ಕಿಯ ಸಾಧ್ಯತೆ ಶೇ. 2.7 ಎಂದು ವಿಜ್ಞಾನಿಗಳೇ ಲೆಕ್ಕ ಹಾಕಿದ್ದರು. ಆಗ ಕೈಯಲ್ಲಿದ್ದದ್ದು ಕೆಲವೇ ದಿನಗಳ ವೀಕ್ಷಣೆ. ನಾಲ್ಕು ಹೆಜ್ಜೆ ನೋಡಿ ಒಬ್ಬ ಎಲ್ಲಿಗೆ ಹೋಗುತ್ತಾನೆಂದು ಹೇಳಿದ ಹಾಗೆ. ಅದೇ ವರ್ಷದ ಮಾರ್ಚ್‌ನ ಹಳೆಯ ಚಿತ್ರಗಳಲ್ಲೂ ಅಪೋಫಿಸ್ ಸಿಕ್ಕಿದಾಗ 2029ರ ಭಯ ಹೋಯಿತು. 2036 ಮತ್ತು 2068ರ ಬಗ್ಗೆ ಉಳಿದಿದ್ದ ಸಂಶಯವೂ ಒಂದೊಂದಾಗಿ ಹೋಯಿತು. 2021ರ ಮಾರ್ಚ್‌ನ ರೇಡಾರ್ ವೀಕ್ಷಣೆಯ ಬಳಿಕ, ಕನಿಷ್ಠ 100 ವರ್ಷ ಅಪಾಯವಿಲ್ಲ ಎಂದು ನಾಸಾ ತಿಳಿಸಿತು. ಈ ವರ್ಷಗಳಲ್ಲಿ ಬಂಡೆ ದಾರಿ ಬಿಟ್ಟಿಲ್ಲ, ನಮ್ಮ ಲೆಕ್ಕ ಸ್ಪಷ್ಟವಾಯಿತು ಅಷ್ಟೇ.

ಆ ರಾತ್ರಿ ಆಕಾಶ ಶುಭ್ರವಾಗಿದ್ದರೆ ಯುರೋಪ್, ಆಫ್ರಿಕಾ, ಪಶ್ಚಿಮ ಏಷ್ಯಾದ ಜನರಿಗೆ ಅಪೋಫಿಸ್ ಚಲಿಸುವ ಚುಕ್ಕೆಯಂತೆ ಬರಿಗಣ್ಣಿಗೇ ಕಾಣಲಿದೆ. ಬೆನ್ನು ಎಂಬ ಕ್ಷುದ್ರಗ್ರಹದ ಮಣ್ಣನ್ನು 2023ರಲ್ಲಿ ಭೂಮಿಗೆ ತಲುಪಿಸಿದ ನಾಸಾದ ನೌಕೆ ಈಗ ಇದರ ಕಡೆಗೆ ಹೊರಟಿದೆ. ಭೂಮಿಯ ಸೆಳೆತಕ್ಕೆ ಸಿಕ್ಕಿ ಬಂಡೆಯ ಮೇಲ್ಮೈ ಏನಾಯಿತು ಎಂದು ಹತ್ತಿರದಿಂದ ನೋಡುವುದು ಅದರ ಕೆಲಸ.

ಮುಂದಿನ ಸಲ ಇಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮೊದಲು ಕಳಿಸಿದವರನ್ನು ಒಂದು ಮಾತು ಕೇಳಿ: 'ಇದು ಯಾವ ವರ್ಷದ ಲೆಕ್ಕ?' 2004ರದ್ದಾದರೆ ಅಲ್ಲೇ ಡಿಲೀಟ್ ಮಾಡಿ. ಮಕ್ಕಳಿಗೆ ಹೇಳುವುದಿದ್ದರೆ ಪೂರ್ತಿ ಕಥೆ ಹೇಳಿ.