ಎಂಜಿನ್ ಇಳಿಸುವ ಮುನ್ನ

ಮಾರುತಿ 800 ಎಂಬ ಪುಟ್ಟ ಕಾರು 1983ರ ಡಿಸೆಂಬರಿನಲ್ಲಿ ಗುರುಗಾಂವದ ಕಾರಖಾನೆಯಿಂದ ಮೊದಲು ಹೊರಬಂದಿತು. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಕಾರಖಾನೆ ನಿಲ್ಲಿಸಿದರೂ ಕಾರು ನಿಂತಿಲ್ಲ. ಹೋಟೆಲಿನ ತರಕಾರಿ ಹೊರುವುದಕ್ಕೆಂದೋ, ವರ್ಷಕ್ಕೊಮ್ಮೆ ಮಕ್ಕಳುಮರಿಯೊಡನೆ ಊರಿಗೆ ಹೋಗುವುದಕ್ಕೆಂದೋ ನಮ್ಮವರು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಇಂಥ ಗಾಡಿಗಳು ಇನ್ನೂ ಉಂಟು. ಗಾಡಿ ಹೊಗೆ ಕಾರತೊಡಗಿದೊಡನೆ ಗ್ಯಾರೇಜಿನವನು ಆಡುವ ಮಾತು ಒಂದೇ: “ಎಂಜಿನ್ ಇಳಿಸಬೇಕು.” ಆ ಮಾತಿಗೆ ತಲೆಯಾಡಿಸುವ ಮುನ್ನ ವಾಚಕರು ನಮ್ಮ ಅನುಭವವನ್ನು ತುಸು ಕೇಳಬೇಕು.

ನಾವು ಮೊದಲು ಹೋದ ಗ್ಯಾರೇಜಿನಲ್ಲಿ ಯಾವ ಪರೀಕ್ಷೆಯೂ ನಡೆಯಲಿಲ್ಲ. ಬೆಳಿಗ್ಗೆ ಬಿಟ್ಟ ಗಾಡಿಯ ಎಂಜಿನ್ ಮಧ್ಯಾಹ್ನದ ಊಟದ ಹೊತ್ತಿಗೆ ನೆಲದ ಮೇಲಿತ್ತು. ಆ ಚುರುಕನ್ನು ಕಂಡು ಹಿಗ್ಗಿದವರು ನಾವೇ! ಹದಿನೈದು ದಿನಗಳ ಮೇಲೆ ಗಾಡಿ ಬಂದಾಗ ಸೀಟಿನ ಕೆಳಗೆ ಒಂದು ಡಬ್ಬಿಯಲ್ಲಿ ಐದು ಬೋಲ್ಟುಗಳು ಮಿಕ್ಕಿದ್ದವು. “ಅವು ಹೆಚ್ಚಿನವು” ಎಂದನು. ಕಾರು ಮಾಡಿದವರು ಹೆಚ್ಚಿನ ಬೋಲ್ಟುಗಳನ್ನು ಏಕೆ ಇಟ್ಟಾರು ಎಂದು ಕೇಳುವ ಬುದ್ಧಿ ಆಗ ನಮಗೆ ಹೊಳೆಯಲಿಲ್ಲ. ಮರುದಿನವೇ ದಾದರಿನ ವಾಹನಗಳ ಸಂದಣಿಯಲ್ಲಿ ನೀರು ಕುದಿದು ಗಾಡಿ ನಿಂತಿತು. ರೇಡಿಯೇಟರಿನ ಫ್ಯಾನಿಗೆ ಹೋಗುವ ವಯರನ್ನು ಸಿಕ್ಕಿಸಿಯೇ ಇರಲಿಲ್ಲ. ಸುಟ್ಟ ಗ್ಯಾಸ್ಕೆಟ್ಟಿಗಾಗಿ ಮತ್ತೆ ತೆತ್ತ ಹಣ ನಮ್ಮ ಸಪ್ಲೈಯರ್ ಒಬ್ಬನ ತಿಂಗಳ ಸಂಬಳದಷ್ಟು. ಅಷ್ಟಾದರೂ ಹೊಗೆ ನಿಲ್ಲಲಿಲ್ಲ.

ಎರಡನೆಯ ಸಲ ಗಾಡಿಯನ್ನು ಒಯ್ದುದು ಕುಂದಾಪುರದ ಕಡೆಯ ಒಬ್ಬ ಯುವಕನ ಶೆಡ್ಡಿಗೆ. ಒಂದು ಕಾಲಕ್ಕೆ ನಮ್ಮಲ್ಲೇ ಗ್ಲಾಸು ತೊಳೆಯುತ್ತಿದ್ದವನು. ರಾತ್ರಿ ಶಾಲೆಯಲ್ಲಿ ಕಲಿತು, ಬಳಿಕ ಈ ಕಸಬು ಹಿಡಿದವನು.

“ಧನಿಗಳೇ, ಇಳಿಸುವುದು ಅರ್ಧ ದಿನದ ಕೆಲಸ. ಅದರ ತಯಾರಿಗೇ ನನಗೆ ಒಂದು ದಿನ ಬೇಕು” ಎಂದನು.

ಮೊದಲು ಇಳಿಸಬೇಕೇ ಬೇಡವೇ ಎಂಬುದನ್ನೇ ನೋಡಿದನು. ಬೆಳಿಗ್ಗೆ ಗಾಡಿ ಹೊರಡಿಸಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತರೆ ವಾಲ್ವಿನ ಸೀಲುಗಳ ಮೇಲೆ ಸಂಶಯ. ವೇಗ ಕೊಟ್ಟಾಗಲೆಲ್ಲ ಬಂದರೆ ಪಿಸ್ಟನ್ ರಿಂಗುಗಳ ಮೇಲೆ. ಮೂರು ಸಿಲಿಂಡರುಗಳಿಗೂ ಗೇಜು ಹಾಕಿ ಒತ್ತಡ ಅಳೆದನು. ಕಡಮೆ ಕಂಡ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಪುನಃ ಅಳೆದಾಗ ಒತ್ತಡ ಏರಿತು. ದೋಷ ರಿಂಗಿನದೇ ಎಂಬುದಕ್ಕೆ ಅದು ಗುರುತು. ಏರದಿದ್ದರೆ ವಾಲ್ವುಗಳನ್ನು ಶಂಕಿಸಬೇಕು. ಆಗ ಎಂಜಿನ್ ಇದ್ದಲ್ಲೇ ಇರಲು ಹೆಡ್ಡನ್ನು ಮಾತ್ರ ಬಿಚ್ಚಿದರೆ ಸಾಕಾಗುತ್ತದೆ. ಇಷ್ಟೊಂದು ಪರೀಕ್ಷೆಗೆ ಒಂದು ಗಂಟೆಯೂ ಹಿಡಿಯಲಿಲ್ಲ!

ಬಳಿಕ ಎಂಜಿನ್ ನಂಬರನ್ನು ನೋಂದಣಿ ಪತ್ರದೊಡನೆ ನಮ್ಮ ಮುಂದೆಯೇ ತಾಳೆ ನೋಡಿದನು. ಬೇರೆ ಎಂಜಿನ್ ಕೂರಿಸಿದರೆ ಸಾರಿಗೆ ಕಚೇರಿಯಲ್ಲಿ ದಾಖಲಾಗಬೇಕಾದುದು ಕಾಯಿದೆ. ಇಳಿದ ಎಂಜಿನ್ನೇ ಮರಳಿ ಬಂದಿದೆಯೇ ಎಂದು ತಿಳಿಯಲು ಮಾಲಿಕನಿಗೂ ಬೇರೆ ದಾರಿಯಿಲ್ಲ.

ಎಂಜಿನ್ ಪೂರ್ತಿ ತಣಿಯುವವರೆಗೆ ಅವನು ಪಾನಾ ಮುಟ್ಟಲಿಲ್ಲ. ಬಿಸಿ ರೇಡಿಯೇಟರಿನ ಮುಚ್ಚಳ ತೆರೆದರೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುವುದು. ನಮ್ಮ ಅಡುಗೆಮನೆಯಲ್ಲಿ ಪ್ರೆಶರ್ ಕುಕ್ಕರಿಗೆ ತೋರಿಸುವ ಮರ್ಯಾದೆಯನ್ನು ಇದಕ್ಕೂ ತೋರಿಸಬೇಕು. ಹೊರಬಿಟ್ಟ ಕೂಲೆಂಟನ್ನು ಬೋಗುಣಿಯಲ್ಲಿ ಹಿಡಿದು ಮುಚ್ಚಿಟ್ಟನು. ಅದು ರುಚಿಗೆ ಸಿಹಿ, ಆದರೆ ವಿಷ. ಬೀದಿನಾಯಿ ನೆಕ್ಕಿದರೆ ಸಾಯುವುದುಂಟು. ಬ್ಯಾಟರಿಯಲ್ಲಿ ಮೊದಲು ಕಳಚಿದುದು ನೆಗೆಟಿವ್ ತಂತಿ. ಪಾಸಿಟಿವ್ ಮೊದಲು ಬಿಚ್ಚುವಾಗ ಪಾನಾ ಗಾಡಿಯ ಮೈಗೆ ತಗುಲಿದರೆ ಕಿಡಿ ಹಾರುತ್ತದೆ. ಪೆಟ್ರೋಲಿನ ಕೊಳವೆ ಬಿಚ್ಚುವ ಜಾಗದಲ್ಲಿ ಕಿಡಿ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಬೀಡಿ ಹಚ್ಚಲು ಹೊರಟ ಪಕ್ಕದ ಅಂಗಡಿಯವನನ್ನು ಗದರಿಸಿ ಹೊರಗಟ್ಟಿದನು.

ಬಾನೆಟ್ಟು ಬಿಚ್ಚುವ ಮೊದಲು ಕೀಲುಗಳ ಸುತ್ತ ಗೆರೆ ಎಳೆದನು. ಇಲ್ಲವಾದರೆ ಮರಳಿ ಕೂರಿಸುವಾಗ ಸಂದು ಸೊಟ್ಟಗಾಗುತ್ತದೆ. ಪ್ರತಿಯೊಂದು ವಯರಿಗೂ ಕೊಳವೆಗೂ ನಂಬರಿನ ಪಟ್ಟಿ ಅಂಟಿಸಿ ಮೊಬೈಲಿನಲ್ಲಿ ಚಿತ್ರ ತೆಗೆದನು. ಕ್ಲಚ್ಚಿನ, ಆಕ್ಸಿಲರೇಟರಿನ ಹಾಗೂ ಸ್ಪೀಡೋಮೀಟರಿನ ಕೇಬಲ್ಲುಗಳಿಗೂ ಹೀಗೆಯೇ. ಬೋಲ್ಟುಗಳಿಗಾಗಿ ಶ್ರೀಖಂಡದ ಖಾಲಿ ಡಬ್ಬಿಗಳನ್ನು ಸಾಲಾಗಿ ಇಟ್ಟು ಮುಚ್ಚಳದ ಮೇಲೆ ಕನ್ನಡದಲ್ಲಿ ಹೆಸರು ಬರೆದನು.

ಈ ಗಾಡಿಯಲ್ಲಿ ಎಂಜಿನ್ನೂ ಗೇರ್ ಬಾಕ್ಸೂ ಮುಂದುಗಡೆ ಅಡ್ಡಲಾಗಿ ಕೂಡಿಕೊಂಡಿವೆ. ಅವನು ಎರಡನ್ನೂ ಒಟ್ಟಿಗೇ ಎತ್ತುವವನಿದ್ದನು. ಆದುದರಿಂದ ಚಕ್ರಕ್ಕೆ ಹೋಗುವ ಶಾಫ್ಟುಗಳನ್ನು ಎಳೆಯುವ ಮೊದಲೇ ಗೇರಿನ ಎಣ್ಣೆಯನ್ನು ಇಳಿಸಿದನು. ಮರೆತರೆ ಎಣ್ಣೆಯೆಲ್ಲ ನೆಲದ ಮೇಲೆ ಹರಿಯುವುದು; ಆ ಜಾರುವ ನೆಲದ ಮೇಲೆ ನಿಂತು ಭಾರ ಎತ್ತಬೇಕಾದೀತು.

ಮರುದಿನ ಚೈನ್ ಬ್ಲಾಕಿಗೆ ಭಾರ ಬಂದಾಗ ಕೆಲಸ ಕಲಿಯುವ ಹುಡುಗನು ಎಂಜಿನ್ನಿನ ಅಡಿಗೆ ಕೈ ಚಾಚಿದನು. “ಕೈ ತೆಗೆ ಮಾರಾಯ!” ಎಂದು ಕೂಗಿದ ಧ್ವನಿಗೆ ನಾವೂ ಬೆಚ್ಚಿದೆವು. ಎಂಜಿನ್ ನಾಲ್ಕು ಬೆರಳು ಮೇಲೆದ್ದೊಡನೆ ತಡೆದು, ಟಾರ್ಚು ಹಿಡಿದು ಸುತ್ತಲೂ ನೋಡಿದನು. ಗೇರ್ ಬಾಕ್ಸಿನ ಬಳಿ ಒಂದು ಅರ್ತಿಂಗ್ ತಂತಿ ಉಳಿದಿತ್ತು. ಅದನ್ನು ಬಿಚ್ಚಿದ ಮೇಲೆಯೇ ಸರಪಳಿ ಪುನಃ ಮೇಲಕ್ಕೆ ಸರಿಯಿತು.

ಗಾಡಿ ತರಲು ಹೋದ ದಿನ ಡಬ್ಬಿಗಳನ್ನು ನಾವೇ ಒಂದೊಂದಾಗಿ ತೆರೆದು ನೋಡಿದೆವು. ಒಂದರಲ್ಲಿ ಸಣ್ಣದೊಂದು ಬೋಲ್ಟು ಉಳಿದಿತ್ತು. ಅವನ ಮುಖ ಕಪ್ಪಿಟ್ಟಿತು. ಮುಚ್ಚಳ ಓದಿ, ಚಿತ್ರಗಳನ್ನೆಲ್ಲ ತಿರುವಿ ಹಾಕಿ, ಕೊನೆಗೆ ಬ್ಯಾಟರಿಯ ತಟ್ಟೆಯ ಕೆಳಗೆ ಅದರ ರಂಧ್ರವನ್ನು ಕಂಡುಹಿಡಿಯುವವರೆಗೆ ಬೀಗದ ಕೈಯನ್ನು ನಮಗೆ ಕೊಡಲಿಲ್ಲ.