ಹಾಡು ಗೊತ್ತು, ನುಡಿಸಿದವರು ಗೊತ್ತೆ?



ಮನೆಯಲ್ಲಿ ಬೀಟಲ್ಸ್ ತಂಡದ ಹಳೆಯ ಹಾಡೊಂದು ಕೇಳಿಬಂದು, ನಡುವೆ ಸಿತಾರಿನ ದನಿ ಎದ್ದೊಡನೆ, ಹಿರಿಯರು ಯಾರಾದರೂ “ಅದು ನಮ್ಮ ರವಿಶಂಕರ್ ನುಡಿಸಿದ್ದು ಕಣೋ” ಎಂದದ್ದು ನಿಮಗೆ ನೆನಪಿದೆಯೆ? ಅಭಿಮಾನದಿಂದಲೇ ಹೇಳಿರುತ್ತಾರೆ. ಆದರೆ ಮಾತು ಸರಿಯಲ್ಲ. ಪಂಡಿತ್ ರವಿಶಂಕರ್ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ನರಿಗೆ ಸಿತಾರ್ ಹೇಳಿಕೊಟ್ಟ ಗುರುಗಳು, ನಿಜ. ಬೀಟಲ್ಸ್‌ನ ಯಾವ ರೆಕಾರ್ಡಿನಲ್ಲೂ ಅವರು ನುಡಿಸಿಲ್ಲ.

ಹಾಗಾದರೆ ಆ ಹಾಡುಗಳಲ್ಲಿ ಕೇಳುವ ತಬಲಾ ಯಾರದು? ತಂಬೂರಿ ಮೀಟಿದವರು ಯಾರು? ಇಷ್ಟು ಸಣ್ಣ ಪ್ರಶ್ನೆಗೆ ಉತ್ತರ ಸಿಗಲು ಐವತ್ತು ವರ್ಷ ಬೇಕಾಯಿತು! ಆ ಉತ್ತರದ ಜಾಡು ಹಿಡಿದು ಹೊರಟರೆ ಒಂದು ಕಡೆ ನಮ್ಮ ಕನ್ನಡನಾಡಿನ ಹಳ್ಳಿಯೊಂದು ಸಿಗುತ್ತದೆ, ಇನ್ನೊಂದು ಕಡೆ ಮುಂಬಯಿಯ ಬೀದಿ ಸಿಗುತ್ತದೆ. ಅದಕ್ಕೇ ಈ ಕತೆಯನ್ನು ನಿಮಗೆ ಹೇಳಬೇಕೆನಿಸಿತು.

ಹೊದಿಕೆಯ ಮೇಲಿದ್ದವರು, ಒಳಗಿದ್ದವರು

1967ರ ಜೂನ್ 1ರಂದು ‘ಸಾರ್ಜೆಂಟ್ ಪೆಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಎಂಬ ಎಲ್.ಪಿ. ರೆಕಾರ್ಡು ಬಿಡುಗಡೆಯಾಯಿತು. ಪಾಪ್ ಸಂಗೀತದ ಚರಿತ್ರೆಯಲ್ಲಿ ಇದಕ್ಕಿರುವ ಸ್ಥಾನ ನಿಮಗೆ ಗೊತ್ತೇ ಇದೆ. ಅದರ ಹೊದಿಕೆಯನ್ನೂ ನೀವು ನೋಡಿರುತ್ತೀರಿ: ಬಣ್ಣದ ಉಡುಪಿನ ನಾಲ್ವರು, ಅವರ ಹಿಂದೆ ಹತ್ತಾರು ಪ್ರಸಿದ್ಧರ ಮುಖಗಳು. ಪರಮಹಂಸ ಯೋಗಾನಂದ, ಲಾಹಿರಿ ಮಹಾಶಯರು ಕೂಡ ಅಲ್ಲಿದ್ದಾರೆ. ಗಾಂಧೀಜಿಯವರ ಚಿತ್ರವೂ ಇತ್ತು. ಭಾರತದಲ್ಲಿ ಆಕ್ಷೇಪ ಬಂದೀತೆಂದು ಹೆದರಿದ ಇ.ಎಮ್.ಐ. ಕಂಪೆನಿ ಅದನ್ನು ತೆಗೆಸಿಹಾಕಿತು. ಬದುಕಿದ್ದವರಿಗೆಲ್ಲ ಒಪ್ಪಿಗೆ ಕೇಳಿ ಪತ್ರಗಳು ಹೋದವು. ಒಬ್ಬ ನಟ ಹಣ ಕೇಳಿದ್ದರಿಂದ ಆತನ ಮುಖವನ್ನೇ ಅಳಿಸಲಾಯಿತು. ಹೊದಿಕೆಯ ಮೇಲೆ ಸುಮ್ಮನೆ ನಿಂತ ಚಿತ್ರಗಳಿಗೆ ಇಷ್ಟೊಂದು ಲೆಕ್ಕಾಚಾರ.

ಇನ್ನು ಒಳಗಿನ ತಟ್ಟೆಗೆ ಬನ್ನಿ. ಎರಡನೆಯ ಬದಿಯ ಮೊದಲ ಹಾಡು ಹ್ಯಾರಿಸನ್ನರ ‘ವಿದಿನ್ ಯು ವಿದೌಟ್ ಯು’. ಬೀಟಲ್ಸ್‌ನ ಉಳಿದ ಮೂವರು ಇದರಲ್ಲಿ ಏನನ್ನೂ ನುಡಿಸಿಲ್ಲ. ಕೊರಳನ್ನು ನೆರಳಿನಂತೆ ಹಿಂಬಾಲಿಸುವ ತಂತಿವಾದ್ಯವನ್ನು ಕೆಲವರು ಸಾರಂಗಿ ಎನ್ನುತ್ತಾರೆ, ಕೆಲವರು ಪಿಟೀಲು ಎನ್ನುತ್ತಾರೆ. ಅದು ದಿಲ್‌ರುಬಾ. ಅದರ ಜತೆಗೆ ತಬಲಾ, ತಂಬೂರಿ, ಸ್ವರಮಂಡಲ. ಐದು ನಿಮಿಷದ ಈ ಹಾಡಿನ ಜೀವವೇ ಈ ವಾದ್ಯಗಳು. ಆದರೆ ನುಡಿಸಿದ ಭಾರತೀಯರ ಹೆಸರನ್ನು ಹುಡುಕುತ್ತಾ ಹೊದಿಕೆಯನ್ನು ಮುಂದೆ ಹಿಂದೆ ತಿರುಗಿಸಿದರೂ ಒಂದೂ ಸಿಗುವುದಿಲ್ಲ.

ಕಾಗದ ಉಳಿಸಿದ್ದು, ಕಾಗದ ಬಿಟ್ಟದ್ದು

ರೆಕಾರ್ಡಿಂಗಿನ ವಿವರ ಪರೀಕ್ಷಿಸುವವರು ಮೊದಲು ಹುಡುಕುವುದು ಕಾಗದಪತ್ರಗಳನ್ನು: ಟೇಪಿನ ಡಬ್ಬಿಯ ಮೇಲಿನ ಬರಹ, ಸ್ಟುಡಿಯೊದ ದಿನಚರಿ, ವಾದಕರಿಗೆ ಹಣ ಕೊಟ್ಟ ಚೀಟಿ. ಮಾರ್ಕ್ ಲೂಯಿಸನ್ ಎಂಬ ಇಂಗ್ಲಿಷ್ ಲೇಖಕರು ಇ.ಎಮ್.ಐ.ಯ ಟೇಪು ಮತ್ತು ದಾಖಲೆಗಳನ್ನು ಜಾಲಾಡಿ, ಬೀಟಲ್ಸ್ ಯಾವ ದಿನ ಯಾವ ಸ್ಟುಡಿಯೊದಲ್ಲಿ ಏನು ಮಾಡಿದರು ಎಂಬುದನ್ನು 1988ರಲ್ಲಿ ಪುಸ್ತಕವಾಗಿ ತಂದರು. ಅದರಿಂದ ನಮಗೆ ತಿಳಿಯುವುದಿಷ್ಟು: ಈ ಹಾಡಿನ ಮೂಲ ವಾದನ 1967ರ ಮಾರ್ಚ್ 15ರಂದು ಲಂಡನ್ನಿನ ಇ.ಎಮ್.ಐ. ಸ್ಟುಡಿಯೊದಲ್ಲಿ ಮುದ್ರಣವಾಯಿತು. ಮಾರ್ಚ್ 22ರಂದು ಇನ್ನಷ್ಟು ದಿಲ್‌ರುಬಾ ಸೇರಿತು. ಏಪ್ರಿಲ್ 3ರಂದು ಎಂಟು ಪಿಟೀಲು, ಮೂರು ಚೆಲ್ಲೊ ಕೂಡಿಕೊಂಡವು.

ಆ ಹನ್ನೊಂದು ಪಾಶ್ಚಾತ್ಯ ವಾದಕರ ಹೆಸರು ಒಂದೂ ಬಿಡದಂತೆ ಕಾಗದದಲ್ಲಿ ಉಳಿದಿದೆ. ಎರಿಕ್ ಗ್ರೂನ್‌ಬರ್ಗ್ ಅವರಲ್ಲೊಬ್ಬರು. ಭಾರತೀಯರ ಹೆಸರು ಮಾತ್ರ ಆ ಪುಟದಲ್ಲಿಲ್ಲ! ಅವರೇನು ಕಡಿಮೆ ನುಡಿಸಿದರೆ? ಇಲ್ಲ. ಕಾಗದಕ್ಕೆ ಅವರ ಹೆಸರು ಹತ್ತಲಿಲ್ಲ, ಅಷ್ಟೆ. ದಾಖಲೆಯಲ್ಲಿಲ್ಲದವರು ಚರಿತ್ರೆಯಲ್ಲೂ ಇಲ್ಲವಾಗುತ್ತಾರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಕೊನೆಗೆ, ರೆಕಾರ್ಡಿಗೆ ಐವತ್ತು ತುಂಬಿದ 2017ರಲ್ಲಿ, ಲಿವರ್‌ಪೂಲ್ ವಿಶ್ವವಿದ್ಯಾಲಯದವರ ಶೋಧನೆಯಿಂದ ಆ ಹೆಸರುಗಳಿಗೆ ಸಾರ್ವಜನಿಕ ಮನ್ನಣೆ ದೊರೆಯಿತು. ದಿಲ್‌ರುಬಾ ನುಡಿಸಿದವರು ಅನ್ನಾ ಜೋಶಿ ಮತ್ತು ಅಮೃತ್ ಗಜ್ಜರ್. ತಂಬೂರಿ ಬುದ್ಧದೇವ್ ಕನ್ಸಾರಾ. ತಬಲಾ ನಟವರ್ ಸೋನಿ. ಈ ನಾಲ್ಕು ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿ. ಮುಂಬಯಿ, ಪುಣೆಗಳಲ್ಲಿ ಬೆಳೆದ ನಿಮಗೆ ಇವು ಪಕ್ಕದ ಮನೆಯವರ ಹೆಸರುಗಳಂತೆಯೇ ಕೇಳಿಸುತ್ತವೆ, ಅಲ್ಲವೆ?

ಜಕನೂರಿನ ಅಂಗಡಿಯವರು

ಈಗ ಇನ್ನೊಂದು ಪ್ರಶ್ನೆ. ಬೀಟಲ್ಸ್‌ಗೆ ಲಂಡನ್ನಿನಲ್ಲಿ ಈ ಭಾರತೀಯ ವಾದಕರು ಸಿಕ್ಕಿದ್ದಾದರೂ ಹೇಗೆ? ‘ಏಷ್ಯನ್ ಮ್ಯೂಸಿಕ್ ಸರ್ಕಲ್’ ಎಂಬ ಸಂಸ್ಥೆಯ ಮೂಲಕ. ಅದನ್ನು 1946ರಲ್ಲಿ ಕಟ್ಟಿದವರು ಅಯನ ಅಂಗಡಿ ಮತ್ತು ಅವರ ಇಂಗ್ಲಿಷ್ ಪತ್ನಿ ಪೆಟ್ರೀಷಿಯಾ. ಅಂಗಡಿ! ಹೆಸರು ಕೇಳಿದೊಡನೆ ನಿಮ್ಮ ಕಿವಿ ನೆಟ್ಟಗಾಗಿರಬೇಕು. ಹೌದು, ಅಯನ ದೇವ ಅಂಗಡಿಯವರು 1903ರಲ್ಲಿ ಹುಟ್ಟಿದ್ದು ಈಗಿನ ಕರ್ನಾಟಕದ ಜಕನೂರಿನಲ್ಲಿ. 1920ರ ದಶಕದಲ್ಲಿ ಐ.ಸಿ.ಎಸ್. ಪರೀಕ್ಷೆಗೆಂದು ಇಂಗ್ಲೆಂಡಿಗೆ ಹೋದವರು ರಾಜಕೀಯ ಬರವಣಿಗೆಯಲ್ಲಿ ತೊಡಗಿ ಅಲ್ಲೇ ನೆಲೆಸಿದರು. ಪರದೇಶದಲ್ಲಿ ನಮ್ಮ ಸಂಗೀತ, ನೃತ್ಯಗಳಿಗೆ ಒಂದು ವೇದಿಕೆ ಬೇಕೆಂದು ಸಂಸ್ಥೆ ಕಟ್ಟಿದರು. ಪಿಟೀಲು ವಾದಕ ಯೆಹುದಿ ಮೆನುಹಿನ್ನರಂಥವರು 1953ರಲ್ಲಿ ಅದರ ಅಧ್ಯಕ್ಷರಾದರು.

1965ರ ಅಕ್ಟೋಬರಿನಲ್ಲಿ ‘ನಾರ್ವೇಜಿಯನ್ ವುಡ್’ ಹಾಡಿನ ಮುದ್ರಣದ ವೇಳೆ ಹ್ಯಾರಿಸನ್ನರ ಸಿತಾರಿನ ತಂತಿ ಹರಿಯಿತು. ಇ.ಎಮ್.ಐ.ಯಿಂದ ಅಂಗಡಿಯವರ ಮನೆಗೆ ಫೋನು ಹೋಯಿತು. ಅವರು ತಂತಿ ಹಿಡಿದುಕೊಂಡು ಸಂಸಾರಸಮೇತ ಸ್ಟುಡಿಯೊಗೆ ಬಂದರು. ಪರಿಚಯ ಅಲ್ಲಿಂದ ಬೆಳೆಯಿತು. ಮುಂದೆ ಲಂಡನ್ನಿನ ಫಿಂಚ್ಲಿಯಲ್ಲಿದ್ದ ಅಂಗಡಿಯವರ ಮನೆಯಲ್ಲಿಯೇ 1966ರಲ್ಲಿ ಹ್ಯಾರಿಸನ್ ಮೊದಲ ಬಾರಿಗೆ ರವಿಶಂಕರರನ್ನು ಕಂಡರು. ಅದೇ ವರ್ಷ ಏಪ್ರಿಲಿನಲ್ಲಿ ‘ಲವ್ ಯು ಟು’ ಹಾಡಿಗೆ ತಬಲಾ ನುಡಿಸಲು ಅನಿಲ್ ಭಾಗವತ್ ಅವರನ್ನು ಕಳಿಸಿದವರೂ ಅಂಗಡಿಯವರೇ. ‘ರಿವಾಲ್ವರ್’ ಎಂಬ ಆ ಎಲ್.ಪಿ.ಯ ಹೊದಿಕೆಯ ಮೇಲೆ ಭಾಗವತರ ಹೆಸರು ಅಚ್ಚಾಗಿದೆ. 1966ರಲ್ಲಿ ಸಾಧ್ಯವಾದದ್ದು 1967ರಲ್ಲಿ ಏಕೆ ಆಗಲಿಲ್ಲ ಎಂದು ಕೇಳುವ ಹಕ್ಕು ನಮಗಿದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. “ಬೀಟಲ್ಸ್ ಹಾಡಿನಲ್ಲಿ ಕನ್ನಡಿಗ ನುಡಿಸಿದ್ದಾನೆ” ಎಂದು ನಾಳೆ ಕಾಲೇಜಿನಲ್ಲಿ ಹೇಳಿಬಿಡಬೇಡಿ. ಅಂಗಡಿಯವರು ನುಡಿಸಲಿಲ್ಲ, ನುಡಿಸುವವರನ್ನು ಕೂಡಿಸಿದರು. ಅದು ಅವರ ನಿಜವಾದ ಕೆಲಸ, ಅದು ಸಣ್ಣ ಕೆಲಸವೂ ಅಲ್ಲ. ರವಿಶಂಕರರಿಗೆ ಸಲ್ಲದ ಹೆಸರನ್ನು ಸಲ್ಲಿಸಿದ ಹಿರಿಯರ ತಪ್ಪನ್ನೇ ನಾವು ಅಂಗಡಿಯವರ ವಿಷಯದಲ್ಲಿ ಮಾಡಬಾರದು. ಹೆಸರು ಎಂಬುದು ಸಾಲದ ಹಾಗೆ. ಎಷ್ಟು ಸಲ್ಲಬೇಕೊ ಅಷ್ಟನ್ನು ಸಲ್ಲಿಸಬೇಕು: ಒಂದು ಕಾಸು ಕಡಿಮೆಯೂ ಬೇಡ, ಹೆಚ್ಚೂ ಬೇಡ.

ಮುಂಬಯಿಯ ಟ್ಯಾಕ್ಸಿ ಸದ್ದು

ಮರುವರ್ಷ ಹ್ಯಾರಿಸನ್ ತಾವೇ ನಮ್ಮಲ್ಲಿಗೆ ಬಂದರು. ‘ವಂಡರ್‌ವಾಲ್’ ಎಂಬ ಚಿತ್ರದ ಸಂಗೀತಕ್ಕಾಗಿ 1968ರ ಜನವರಿಯಲ್ಲಿ ಮುಂಬಯಿಯ ಎಚ್.ಎಮ್.ವಿ. ಸ್ಟುಡಿಯೊದಲ್ಲಿ ಮುದ್ರಣ ನಡೆಯಿತು. ಮುಂದೆ ಅಮೆರಿಕದ ಕ್ಯಾಪಿಟಲ್ ರೆಕಾರ್ಡ್ಸ್‌ನ ಮುಖ್ಯಸ್ಥರಾದ ಭಾಸ್ಕರ್ ಮೆನನ್ ಇದಕ್ಕಾಗಿ ಕಲಕತ್ತೆಯಿಂದ ಎರಡು ಟ್ರ್ಯಾಕಿನ ಯಂತ್ರವನ್ನು ರೈಲಿನಲ್ಲಿ ತಂದರಂತೆ. ಸ್ಟುಡಿಯೊದ ಕೆಳಗೆ ಕಚೇರಿ, ಹೊರಗಿನ ಸದ್ದು ತಡೆಯುವ ವ್ಯವಸ್ಥೆ ಇಲ್ಲ. ಸಂಜೆ ಐದೂವರೆಗೆ ಕಚೇರಿ ಬಿಟ್ಟೊಡನೆ ಮೆಟ್ಟಿಲಿಳಿಯುವವರ ಹೆಜ್ಜೆ ಸದ್ದಿಗೆ ಮುದ್ರಣ ನಿಲ್ಲಿಸಬೇಕಾಗುತ್ತಿತ್ತು ಎಂದೂ, ಕಿವಿಗೊಟ್ಟು ಕೇಳಿದರೆ ಟ್ಯಾಕ್ಸಿಗಳ ಓಡಾಟ ಕೇಳಿಸುತ್ತದೆ ಎಂದೂ ಹ್ಯಾರಿಸನ್ ಮುಂದೊಮ್ಮೆ ನೆನಪಿಸಿಕೊಂಡರು. ಮುಂಬಯಿಯಲ್ಲಿರುವವರು ಆ ಸದ್ದನ್ನು ಹುಡುಕಿ ನೋಡಿ. ಅದೂ ಒಂದು ಪುರಾವೆಯೇ!

ಆ ದಿನಗಳಲ್ಲೇ ‘ದಿ ಇನ್ನರ್ ಲೈಟ್’ ಹಾಡಿನ ವಾದ್ಯಭಾಗವೂ ಮುದ್ರಣವಾಯಿತು. ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಕೊರಳು ಸೇರಿತು. ಮಾರ್ಚಿನಲ್ಲಿ ‘ಲೇಡಿ ಮಡೋನಾ’ದ ಹಿಂಬದಿಯಲ್ಲಿ ಅದು ಹೊರಬಂತು.

‘ವಂಡರ್‌ವಾಲ್ ಮ್ಯೂಸಿಕ್’ ಎಲ್.ಪಿ. ಅದೇ ವರ್ಷ ನವೆಂಬರಿನಲ್ಲಿ ಬಂದಾಗ ಹ್ಯಾರಿಸನ್ ಮುಂಬಯಿಯ ವಾದಕರ ಹೆಸರುಗಳನ್ನು ಅಚ್ಚು ಹಾಕಿಸಿದರು. ಸರೋದ್ ಆಶಿಷ್ ಖಾನ್, ತಬಲಾ ಮಹಾಪುರುಷ್ ಮಿಶ್ರ, ಕೊಳಲು ಎಸ್. ಆರ್. ಕೆಂಕರೆ, ಹೀಗೆ. ಇದು ಸಂತೋಷದ ವಿಷಯ. ಆದರೆ ಪಟ್ಟಿ ಇದ್ದಮಾತ್ರಕ್ಕೆ ಪರೀಕ್ಷೆ ಮುಗಿಯಲಿಲ್ಲ. ಸಂತೂರಿನ ಶಿವಕುಮಾರ್ ಶರ್ಮಾ ಅವರ ಉಪನಾಮ ಅಲ್ಲಿ ‘ಶರ್ಮರ್’ ಆಗಿದೆ! ಶಹನಾಯಿಯವರ ಉಪನಾಮ ‘ಜಾದೇವ್’ ಎಂದಿದೆ. ಮರಾಠಿ ನೆರೆಯಲ್ಲಿ ಬೆಳೆದ ನಿಮಗೆ ಇದು ‘ಜಾಧವ್’ ಇರಬಹುದೆ ಎಂಬ ಅನುಮಾನ ಬಾರದೆ ಇರದು. ಲಂಡನ್ನಿನ ತಜ್ಞನಿಗೆ ಬಾರದ ಅನುಮಾನ ಅದು. ಆದರೆ ಅನುಮಾನ ಅನುಮಾನವೇ, ಪುರಾವೆಯಲ್ಲ. ಇನ್ನು ‘ದಿ ಇನ್ನರ್ ಲೈಟ್’ನ ಕೊಳಲು ಹರಿಪ್ರಸಾದ್ ಚೌರಾಸಿಯಾ ಅವರದೆಂದು ಕೆಲವು ಪುಸ್ತಕಗಳು ಹೇಳುತ್ತವೆ. ವಂಡರ್‌ವಾಲ್ ಪಟ್ಟಿಯಲ್ಲಿ ಕೊಳಲಿನ ಮುಂದಿರುವುದು ಕೆಂಕರೆಯವರ ಹೆಸರು. ಹೆಚ್ಚು ಪ್ರಸಿದ್ಧರ ಕಡೆಗೆ ಮನಸ್ಸು ವಾಲುವುದು ಸಹಜ. ಆ ವಾಲಿಕೆಯೇ ಎಷ್ಟೋ ತಪ್ಪುಗಳ ಮೂಲ.

ಪ್ರಮಾಣಿಸಿ ನೋಡುವ ಬಗೆ

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು” ಎಂಬ ಗಾದೆಯನ್ನು ನಿಮ್ಮ ಅಜ್ಜಿಯ ಬಾಯಲ್ಲಿ ಕೇಳಿರಬಹುದು. ಅದನ್ನು ಹೀಗೆ ಬಳಸಿ:

ಮೊದಲು ಮೂಲ ಹೊದಿಕೆಯನ್ನು ನೋಡಿ. ಮೊಬೈಲಿನಲ್ಲಿ ಹಾಡು ಬರುತ್ತದೆ, ಹೊದಿಕೆಯ ಬೆನ್ನಿನ ಬರಹ ಬರುವುದು ಅಪರೂಪ. ಮರುಮುದ್ರಣಗಳಲ್ಲಿ ಹೆಸರು ಸೇರಿರಬಹುದು, ಬಿಟ್ಟೂ ಹೋಗಿರಬಹುದು.

ಎರಡನೆಯದು, ದಿನಾಂಕವಿರುವ ಕಾಗದ. ಅದನ್ನೂ ಕಣ್ಣುಮುಚ್ಚಿ ನಂಬಬೇಡಿ. ಉದಾಹರಣೆಗೆ, ಆ ಲಂಡನ್ ಸ್ಟುಡಿಯೊಗೆ ‘ಅಬ್ಬೆ ರೋಡ್’ ಎಂಬ ಅಧಿಕೃತ ಹೆಸರು ಬಂದದ್ದು 1969ರ ಅದೇ ಹೆಸರಿನ ಎಲ್.ಪಿ. ಪ್ರಸಿದ್ಧವಾದ ಮೇಲೆ, 1970ರ ದಶಕದಲ್ಲಿ. 1967ರ ಸ್ಟುಡಿಯೊ ಚೀಟಿ ಎಂದು ಯಾರಾದರೂ ತೋರಿಸಿದ್ದರ ಮೇಲೆ ಆ ಹೆಸರು ಅಚ್ಚಾಗಿದ್ದರೆ ಸಂಶಯಪಡಿ.

ಮೂರನೆಯದು, ನುಡಿಸಿದವರ ಮಾತು. ನೆನಪು ಅಮೂಲ್ಯ, ಆದರೆ ನೆನಪಿಗೆ ವರ್ಷ ತಪ್ಪುವುದುಂಟು. ಕಾಗದದ ಜತೆ ಹೋಲಿಸಿ.

ನಾಲ್ಕನೆಯದು, ನಿಮ್ಮ ಕಿವಿ. ದಿಲ್‌ರುಬಾವೊ ಸಾರಂಗಿಯೊ ಎಂಬುದನ್ನು ಕಿವಿಯೇ ಹೇಳಬೇಕು.

ಕೊನೆಯದಾಗಿ, ಹತ್ತು ಕಡೆ ಬರೆದದ್ದು ಹತ್ತು ಸಾಕ್ಷಿಯಲ್ಲ. ಒಬ್ಬರು ಬರೆದದ್ದನ್ನು ಒಂಬತ್ತು ಜನ ನಕಲು ಮಾಡಿದ್ದರೆ ಸಾಕ್ಷಿ ಒಂದೇ. ‘ಲವ್ ಯು ಟು’ವಿನ ಸಿತಾರ್ ಪೂರ್ತಿ ಹ್ಯಾರಿಸನ್ನರದೆ, ಅಥವಾ ಸರ್ಕಲ್ಲಿನ ವಾದಕರೊಬ್ಬರ ನೆರವಿತ್ತೆ ಎಂಬ ಬಗ್ಗೆ ಲೇಖಕರಲ್ಲಿ ಎರಡು ಮಾತಿದೆ. ಅಂಥ ಕಡೆ ಎರಡನ್ನೂ ಬರೆದಿಡುವುದೇ ಪ್ರಾಮಾಣಿಕತೆ.

ನಮ್ಮ ಕಪಾಟಿನ ಮಾತು

ಇಷ್ಟನ್ನೂ ಓದಿ, “ಬೀಟಲ್ಸ್ ವಿಷಯ ಬೀಟಲ್ಸ್ ಅಭಿಮಾನಿಗಳು ನೋಡಿಕೊಳ್ಳಲಿ” ಎನ್ನಬೇಡಿ. ನಿಮ್ಮ ಮನೆಯ ಕಪಾಟು ತೆರೆಯಿರಿ. ಹಳೆಯ ಭಾವಗೀತೆ ಕ್ಯಾಸೆಟ್ಟುಗಳು ಇನ್ನೂ ಉಳಿದಿದ್ದರೆ ಅವುಗಳ ಒಳಚೀಟಿ ನೋಡಿ. ಕವಿಯ ಹೆಸರಿರುತ್ತದೆ, ಸಂಗೀತ ಸಂಯೋಜಕರ ಹೆಸರಿರುತ್ತದೆ, ಗಾಯಕರ ಹೆಸರಿರುತ್ತದೆ. ತಬಲಾ ಯಾರು, ಕೊಳಲು ಯಾರು ಎಂದರೆ ಎಷ್ಟೋ ಚೀಟಿಗಳು ಸುಮ್ಮನಿರುತ್ತವೆ. ಇನ್ನು ಕನ್ನಡ ಸಂಘಗಳ ರಾಜ್ಯೋತ್ಸವ, ಗಣೇಶೋತ್ಸವ, ಯಕ್ಷಗಾನಗಳನ್ನು ಯಾರೋ ಪ್ರೀತಿಯಿಂದ ಟೇಪು ಮಾಡಿಟ್ಟಿರುತ್ತಾರೆ. ಅವುಗಳ ಮೇಲೆ ಬರೀ ಇಸವಿ ಇರುತ್ತದೆ, ಕೆಲವಕ್ಕೆ ಅದೂ ಇಲ್ಲ.

ಹಗಲು ಬ್ಯಾಂಕಿನಲ್ಲೊ ಹೊಟೇಲಿನಲ್ಲೊ ದುಡಿದು, ಸಂಜೆ ಲೋಕಲ್ ಹಿಡಿದು ಬಂದು, ರಾತ್ರಿ ಚೆಂಡೆ ಬಾರಿಸಿದವರ ದನಿ ಆ ಟೇಪುಗಳಲ್ಲಿದೆ. ಬಾರಿಸಿದವರು ಯಾರೆಂದು ಹೇಳಬಲ್ಲ ಹಿರಿಯರು ಇಂದು ಎಪ್ಪತ್ತು ಎಂಬತ್ತರ ವಯಸ್ಸಿನವರು. ಲಂಡನ್ನಿನ ನಾಲ್ವರಿಗೆ ಐವತ್ತು ವರ್ಷದ ಮೇಲಾದರೂ ಒಂದು ವಿಶ್ವವಿದ್ಯಾಲಯ ಸಿಕ್ಕಿತು. ನಮ್ಮವರನ್ನು ಹುಡುಕಿಕೊಂಡು ಯಾವ ವಿಶ್ವವಿದ್ಯಾಲಯ ಬರಬೇಕು?

ಆದ್ದರಿಂದ, ಮುಂದಿನ ಭಾನುವಾರ ಸಂಘಕ್ಕೆ ಬರುವಾಗ ಒಂದು ನೋಟುಬುಕ್ಕು ತನ್ನಿ. ಟೇಪು ಹಾಕಿ, ಹಿರಿಯರನ್ನು ಪಕ್ಕಕ್ಕೆ ಕೂಡಿಸಿಕೊಳ್ಳಿ. “ಇದು ಯಾರು ನುಡಿಸಿದ್ದು ಮಾವ?” ಎಂದು ಕೇಳಿ. ಅವರು ಹೇಳಿದ್ದನ್ನು ಬರೆದುಕೊಳ್ಳಿ. ಆಮೇಲೆ ಇನ್ನೊಬ್ಬರನ್ನೂ ಕೇಳಿ.