ಎಂಟು ತಂತಿವಾದ್ಯಗಳ ಹಾಡು

ಸಭೆಯಲ್ಲಿ ಕುಳಿತು ಪಿಟೀಲು ಕೇಳುವಾಗ ನಮಗೂ ವಾದ್ಯಕ್ಕೂ ನಡುವೆ ಕೆಲವು ಗಜಗಳ ಅಂತರ ಇದ್ದೇ ಇರುತ್ತದೆ. ಕಮಾನು ತಂತಿಯನ್ನು ಉಜ್ಜುವ ಕರಕರ ಸದ್ದು ಆ ಅಂತರದಲ್ಲಿ ಕರಗಿ, ನಾದವಷ್ಟೇ ನಮ್ಮನ್ನು ಮುಟ್ಟುತ್ತದೆ. ಅಂತರವನ್ನೇ ತೆಗೆದುಹಾಕಿದರೆ ಏನಾದೀತು? 1966ರಲ್ಲಿ ಲಂಡನ್ನಿನಲ್ಲಿ ಹಾಗೆ ಮಾಡಿ ನೋಡಿದರು. ಆಗ ಬಂದದ್ದೇ ‘ಎಲಿನರ್ ರಿಗ್ಬಿ’ ಎಂಬ, ಎರಡು ನಿಮಿಷಗಳಿಗಿಂತ ತುಸುವೇ ಹೆಚ್ಚಿನ ಹಾಡು.

ಇದು ಬೀಟಲ್ಸ್ ತಂಡದ್ದು. ಗಿಟಾರು, ಡ್ರಮ್ಮುಗಳಿಂದ ಹೆಸರಾದ ಆ ನಾಲ್ವರು ತರುಣರಲ್ಲಿ ಒಬ್ಬರೂ ಇದರಲ್ಲಿ ವಾದ್ಯ ಮುಟ್ಟಿಲ್ಲ. ಪಾಲ್ ಮೆಕಾರ್ಟ್ನಿ ಹಾಡುತ್ತಾರೆ. ಜಾನ್ ಲೆನನ್, ಜಾರ್ಜ್ ಹ್ಯಾರಿಸನ್ ದನಿಗೂಡಿಸುತ್ತಾರೆ. ಉಳಿದುದೆಲ್ಲ ನಾಲ್ಕು ಪಿಟೀಲು, ಪಿಟೀಲಿಗಿಂತ ತುಸು ದೊಡ್ಡದಾದ ಎರಡು ವಿಯೋಲ, ಮೊಣಕಾಲುಗಳ ನಡುವೆ ನಿಲ್ಲಿಸಿ ನುಡಿಸುವ ಎರಡು ಚೆಲ್ಲೊ. ಇಂತಹ ಕಿರುಮೇಳದ ಸಂಗೀತಕ್ಕೆ ಯೂರೋಪಿನಲ್ಲಿ ಚೇಂಬರ್ ಸಂಗೀತ, ಅಂದರೆ ಕೊಠಡಿಯ ಸಂಗೀತವೆಂದು ಹೆಸರು. ಅದನ್ನು ಜನಪ್ರಿಯ ಹಾಡಿಗೆ ಬೆಸೆದ ಬಗೆಯನ್ನು ಮುಂದೆ ಚೇಂಬರ್ ಪಾಪ್ ಎಂದು ಕರೆದರು.

ಹಾಡಿನ ವಸ್ತು ಒಂಟಿತನ. ನಾವು ಅಕ್ಷತೆ ಹಾಕುವಂತೆ ಅಲ್ಲಿಯೂ ಮದುವೆಯಲ್ಲಿ ವಧೂವರರ ಮೇಲೆ ಅಕ್ಕಿ ಎರಚುವುದುಂಟು. ಪರರ ಮದುವೆ ಮುಗಿದ ಮೇಲೆ ಆ ಅಕ್ಕಿಯನ್ನು ಆಯುವ ಹೆಂಗಸೊಬ್ಬಳು. ಯಾರೂ ಕೇಳದ ಉಪದೇಶವನ್ನು ಬರೆಯುವ ಪಾದ್ರಿಯೊಬ್ಬ. ಆಕೆ ಸತ್ತಾಗ ಮಣ್ಣಿಗೆ ಬಂದವರಿಲ್ಲ. ಇಂಥ ಕಥೆಗೆ ಇಂಪಾದ ಪಿಟೀಲು ಹೊಂದೀತೆ? ಸ್ವರಲಿಪಿ ಬರೆದ ಜಾರ್ಜ್ ಮಾರ್ಟಿನ್ ಎಳೆದಾಡುವ ನಾದವನ್ನು ಬಿಟ್ಟು, ಬಾಗಿಲು ತಟ್ಟಿದಂಥ ಗಿಡ್ಡ ಗಿಡ್ಡ ಪೆಟ್ಟುಗಳನ್ನು ಕೊಟ್ಟರು. ಚಲನಚಿತ್ರಗಳಿಗೆ ಸಂಗೀತ ಬರೆಯುತ್ತಿದ್ದ ಬರ್ನಾರ್ಡ್ ಹರ್ಮನ್ನರಿಂದ ಇದಕ್ಕೆ ಪ್ರೇರಣೆ ಸಿಕ್ಕಿತೆಂದು ಅವರೇ ಹೇಳಿದ್ದುಂಟು.

ಏಪ್ರಿಲ್ 28ರಂದು ಅಬ್ಬಿ ರೋಡಿನ ಇ.ಎಂ.ಐ. ಸ್ಟುಡಿಯೋದಲ್ಲಿ ಮುದ್ರಣ. ತಂತಿವಾದ್ಯಗಳಿಗೆ ಮೈಕ್ರೊಫೋನನ್ನು ಎತ್ತರದಲ್ಲಿ, ದೂರದಲ್ಲಿ ನಿಲ್ಲಿಸುವುದು ಅಲ್ಲಿನ ಪದ್ಧತಿ. ಇಪ್ಪತ್ತು ವರ್ಷದ ಧ್ವನಿ ತಂತ್ರಜ್ಞ ಜೆಫ್ ಎಮರಿಕ್ ಅವನ್ನು ತಂತಿಗಳ ಬಳಿಗೇ ತಂದಿಟ್ಟ. ವಾದಕರಿಗೆ ಇದು ಸರಿಬೀಳಲಿಲ್ಲ. ಅಷ್ಟು ಹತ್ತಿರದಲ್ಲಿ ಬೆರಳಿನ ಚಿಕ್ಕ ತಪ್ಪೂ ಮುಚ್ಚಿಡಲಾಗದು ನೋಡಿ! ಒಂದೊಂದು ಸಲ ನುಡಿಸುವ ಮುನ್ನವೂ ಕುರ್ಚಿಗಳು ಮೆಲ್ಲಗೆ ಹಿಂದೆ ಸರಿಯುತ್ತಿದ್ದವು. ಸರಿಯಬೇಡಿರೆಂದು ಮಾರ್ಟಿನ್ ಹೇಳಬೇಕಾಯಿತು.

ಇನ್ನೊಂದು ಸೂಕ್ಷ್ಮವುಂಟು. ಪಾಶ್ಚಾತ್ಯ ವಾದಕರು ತಂತಿಯ ಮೇಲಿನ ಬೆರಳನ್ನು ಲಘುವಾಗಿ ಅಲುಗಿಸಿ ನಾದಕ್ಕೆ ನಡುಕ ಕೊಡುತ್ತಾರೆ. (ನಮ್ಮ ಗಮಕವೇ ಬೇರೆ, ಅದು ರಾಗದ ಜೀವ, ಇದು ನಾದದ ಮೆರುಗು.) ಮಾರ್ಟಿನ್ ನಡುಕವಿಟ್ಟು ಒಮ್ಮೆ, ಬಿಟ್ಟು ಒಮ್ಮೆ ನುಡಿಸಿ, ವ್ಯತ್ಯಾಸ ತಿಳಿಯಿತೇ ಎಂದು ಮೆಕಾರ್ಟ್ನಿಯನ್ನು ಕೇಳಿದರು. ಅಷ್ಟೇನೂ ಇಲ್ಲ ಎಂಬ ಉತ್ತರ ಬಂತು! ವಾದಕರಿಗೆ ಮಾತ್ರ ತಿಳಿದಿತ್ತು; ನಡುಕವಿಲ್ಲದ್ದೇ ಅವರಿಗೂ ಒಪ್ಪಿತು. ಹದಿನಾಲ್ಕನೆಯ ಸಲದ್ದನ್ನು ಆರಿಸಿಕೊಂಡರು.

ಆಗಸ್ಟ್ 5ರಂದು ತಟ್ಟೆ ಹೊರಬಂದಿತು. ಅದರ ಇನ್ನೊಂದು ಮುಖದಲ್ಲಿ ಮಕ್ಕಳೂ ಕುಣಿಯುವ ‘ಯೆಲ್ಲೊ ಸಬ್‌ಮರೀನ್’. ವಿಚಿತ್ರ ಜೋಡಿಯೇ ಸರಿ. ಬ್ರಿಟನ್ನಿನಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಗಾಯನವನ್ನು ಬಿಟ್ಟು ತಂತಿವಾದ್ಯಗಳನ್ನಷ್ಟೇ ಉಳಿಸಿಕೊಂಡ ಮುದ್ರಣ 1996ರ ‘ಆಂಥಾಲಜಿ 2’ರಲ್ಲಿದೆ. ದೊರೆತರೆ ಮೊದಲು ಅದನ್ನು ಹಾಕಿ, ಚೆಲ್ಲೊಗಳ ಮೇಲೆ ಕಿವಿಯಿಟ್ಟು ಕೇಳಿ. ಕಮಾನಿನ ಕರಕರ ಅಲ್ಲಿ ಹಾಗೆಯೇ ಉಳಿದಿದೆ.